ಗಣಕದ ನೆಲಗುಣ

ಬೀದರದ ಬಿದ್ರಿ ಕೆಲಸದ ಹೆಸರು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಸತುವೇ ಬಹುಪಾಲಾಗಿ, ತಾಮ್ರ ಕೊಂಚ ಬೆರೆತ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ಯುವುದು, ಹೊರಬಂದ ಪಾತ್ರೆಯನ್ನು ಉಜ್ಜಿ ನಯಗೊಳಿಸುವುದು, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆಯುವುದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುವುದು—ಇಷ್ಟನ್ನು ನುರಿತ ಕಸುಬುದಾರನು ಯಾವ ಊರಿನಲ್ಲಿ ಕುಳಿತಾದರೂ ಮಾಡಬಲ್ಲನು. ಕಡೆಯ ಹಂತ ಮಾತ್ರ ಹಾಗಲ್ಲ. ಬೀದರ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಬಿಸಿಯಾದ ಪಾತ್ರೆಗೆ ಲೇಪಿಸಿದಾಗ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿದು ಹೊಳೆಯುತ್ತದೆ. ಕಸುಬುದಾರರು ಆ ಮಣ್ಣನ್ನು ನಾಲಗೆಗೆ ಮುಟ್ಟಿಸಿ ರುಚಿ ನೋಡಿ ಆರಿಸುವ ವಾಡಿಕೆಯುಂಟು. ಬೇರೆಡೆಯ ಮಣ್ಣು ಬಳಸಿದರೆ ಆ ಕಪ್ಪು ಏಳದು ಎಂಬುದು ಅವರ ಅನುಭವ. ಕೆಲಸದ ಕ್ರಮ ಒಂದೇ, ಕೈಯೂ ಒಂದೇ. ನೆಲ ಬೇರೆಯಾದೊಡನೆ ಫಲವೂ ಬೇರೆ.

ಗಣಕಯಂತ್ರಕ್ಕೂ ಇಂತಹ ನೆಲಗುಣವುಂಟು ಎಂದರೆ ಮೊದಲಿಗೆ ನಂಬಿಕೆ ಹುಟ್ಟಲಾರದು. ಯಂತ್ರಗಳಿಗೆ ಊರಿಲ್ಲ, ಭಾಷೆಯಿಲ್ಲ, ರುಚಿಯಿಲ್ಲ. ಒಂದು ಯಂತ್ರದಲ್ಲಿ ಎರಡಕ್ಕೆ ಎರಡು ಸೇರಿ ನಾಲ್ಕಾದರೆ ಇನ್ನೊಂದರಲ್ಲಿಯೂ ನಾಲ್ಕೇ ಆಗಬೇಕು ಎಂದು ಎಲ್ಲರೂ ಎಣಿಸುತ್ತಾರೆ. ಕೂಡುವ ಲೆಕ್ಕದ ಮಟ್ಟಿಗೆ ಈ ಎಣಿಕೆ ಸರಿ. ಆದರೆ ಗಣಕಕ್ಕೆ ಬರೆದುಕೊಡುವ ಆದೇಶಗಳ ಪಟ್ಟಿ, ಅಂದರೆ ಸ್ಕ್ರಿಪ್ಟು, ಎಂದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅಡಿಗೆಯವನಿಗೆ ‘ಒಂದು ಪಾವು ಅಕ್ಕಿ ತೆಗೆದುಕೋ’ ಎಂದು ಬರೆದುಕೊಟ್ಟವನು ಆ ಮನೆಯಲ್ಲಿ ಪಾವು ಇದೆ, ಅದು ತನ್ನ ಮನೆಯ ಪಾವಿನಷ್ಟೇ ಇದೆ, ಒಲೆ ಉರಿಯುತ್ತಿದೆ ಎಂದೆಲ್ಲ ಭಾವಿಸಿರುತ್ತಾನೆ. ಇವುಗಳಲ್ಲಿ ಒಂದನ್ನೂ ಬರೆದಿರುವುದಿಲ್ಲ. ಸ್ಕ್ರಿಪ್ಟು ಬರೆದವರೂ ಹೀಗೆಯೇ ಎಷ್ಟೋ ಸಂಗತಿಗಳನ್ನು ಹೇಳದೆ ಬಿಟ್ಟಿರುತ್ತಾರೆ. ಹೇಳದ ಆ ಸಂಗತಿಗಳನ್ನು ಯಂತ್ರವು ತನ್ನ ಪದ್ಧತಿಯಂತೆ ತುಂಬಿಕೊಳ್ಳುತ್ತದೆ. ಯಂತ್ರ ಬದಲಾದಾಗ ಪದ್ಧತಿಯೂ ಬದಲಾಗುತ್ತದೆ.

ಇದನ್ನು ಒಂದು ಕಲ್ಪಿತ ಸಂದರ್ಭದಿಂದ ವಿವರಿಸಬಹುದು. ಅದರೊಳಗಿನ ಯಂತ್ರಗಳ ವರ್ತನೆ ಮಾತ್ರ ಕಲ್ಪನೆಯದಲ್ಲ, ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಿ ನೋಡಬಹುದಾದದ್ದು. ಬೀದರ ನಗರದ ಪ್ರೌಢಶಾಲೆಯೊಂದರ ಅಧ್ಯಾಪಕಿಯೊಬ್ಬರು ವಿದ್ಯಾರ್ಥಿವೇತನದ ಪಟ್ಟಿಯನ್ನು ಸಿದ್ಧಗೊಳಿಸಲು ಪೈಥಾನ್ ಎಂಬ ಗಣಕಭಾಷೆಯಲ್ಲಿ ಒಂದು ಚಿಕ್ಕ ಸ್ಕ್ರಿಪ್ಟು ಬರೆಯುತ್ತಾರೆ ಎನ್ನೋಣ. ಪ್ರತಿ ತಾಲೂಕಿಗೆ ಒಂದೊಂದು ಪಟ್ಟಿ. ಅದರಲ್ಲಿ ತಾಲೂಕಿನ ಹೆಸರು ಮಾತ್ರ ಕನ್ನಡದಲ್ಲಿದೆ. ಉಳಿದವು ವಿದ್ಯಾರ್ಥಿಯ ಕ್ರಮಸಂಖ್ಯೆ, ಹುಟ್ಟಿದ ದಿನಾಂಕ, ಪಡೆದ ಅಂಕಗಳು. ಸ್ಕ್ರಿಪ್ಟು ಪಟ್ಟಿಯನ್ನು ಓದಿ, ಅಂಕಗಳ ಸರಾಸರಿ ತೆಗೆದು, ಅರ್ಹರಾದವರನ್ನು ಬೇರ್ಪಡಿಸಿ ತೋರಿಸಬೇಕು. ಬೀದರದ ಗಣಕದಲ್ಲಿ ಅದು ಸರಾಗವಾಗಿ ಓಡುತ್ತದೆ. ಅದನ್ನೂ ಪಟ್ಟಿಗಳನ್ನೂ ಪೆನ್ ಡ್ರೈವಿನಲ್ಲಿ ಇಳಿಸಿ ಔರಾದಕ್ಕೂ ಭಾಲ್ಕಿಗೂ ಕಳುಹಿಸಿಕೊಡುತ್ತಾರೆ.

ಮರುದಿನ ಔರಾದದಿಂದ ಸುದ್ದಿ ಬರುತ್ತದೆ: ಅಂಕಿಗಳೆಲ್ಲ ನೆಟ್ಟಗಿವೆ, ಊರಿನ ಹೆಸರು ಮಾತ್ರ ಯಾವುದೋ ವಿಚಿತ್ರ ಚಿಹ್ನೆಗಳಾಗಿ ಒಡೆದುಹೋಗಿದೆ. ಭಾಲ್ಕಿಯ ಸುದ್ದಿ ಬೇರೆ: ಅಲ್ಲಿ ಸ್ಕ್ರಿಪ್ಟು ಓಡುವುದೇ ಇಲ್ಲ; ಒಂದು ಸಾಲನ್ನೂ ತೋರಿಸದೆ, ಇಂಗ್ಲಿಷಿನಲ್ಲಿ ಏನೋ ತಪ್ಪೊಪ್ಪಿಸಿ ನಿಂತುಬಿಡುತ್ತದೆ. “ನಮ್ಮ ಗಣಕದಲ್ಲಿ ಚೆನ್ನಾಗಿಯೇ ಓಡುತ್ತದಲ್ಲ, ಸರ್!” ಎಂದು ಬೀದರದ ಅಧ್ಯಾಪಕಿಯವರು ಬೆರಗಾಗಿ ಹೇಳಿಯಾರು. “ಹಾಗಾದರೆ ನಮ್ಮ ಪಟ್ಟಿಯೇ ಕೆಟ್ಟಿರಬೇಕು, ಮೇಡಂ” ಎಂದು ಭಾಲ್ಕಿಯವರು ಸಂಕೋಚದಿಂದ ನುಡಿದಾರು. ಲೋಕದಲ್ಲಿ ಗಣಕದ ಕೆಲಸ ಎಲ್ಲೆಲ್ಲಿ ನಡೆಯುತ್ತದೆಯೋ ಅಲ್ಲೆಲ್ಲ ಈ ಎರಡು ಮಾತುಗಳು ಹೀಗೆಯೇ ಕೇಳಿಬರುತ್ತವೆ. ಮೊದಲನೆಯದು ನಿಜವಾದರೂ ನಿರುಪಯೋಗಿ. ಎರಡನೆಯದು ನಿಜವೇ ಅಲ್ಲ, ಅನ್ಯಾಯವೂ ಹೌದು.

ದೋಷವನ್ನು ಹುಡುಕಲು ಮಾಡಬೇಕಾದ ಮೊದಲ ಕೆಲಸ ಅದಲುಬದಲು. ದೀಪ ಉರಿಯದಿದ್ದಾಗ ವಿದ್ಯುತ್ ಕೆಲಸದವನು ಬಲ್ಬನ್ನು ಬಿಚ್ಚಿ ಬೇರೊಂದು ಹೋಲ್ಡರಿಗೆ ಹಾಕಿ ನೋಡುತ್ತಾನೆ. ಅಲ್ಲಿ ಉರಿದರೆ ಬಲ್ಬು ಕೆಟ್ಟಿಲ್ಲವೆಂದು ಗೊತ್ತಾಯಿತು. ಭಾಲ್ಕಿಯ ಪಟ್ಟಿಯನ್ನು ಬೀದರದ ಗಣಕದಲ್ಲಿ ಓಡಿಸಿದರೆ ಅದು ತಡೆಯಿಲ್ಲದೆ ಓಡುತ್ತದೆ. ಪಟ್ಟಿ ಕೆಟ್ಟಿಲ್ಲ ಎಂಬುದು ಅಲ್ಲಿಗೇ ಸಿದ್ಧವಾಯಿತು. ಅದೇ ಪಟ್ಟಿಯನ್ನು ಔರಾದದ ಗಣಕಕ್ಕೆ ಕೊಟ್ಟರೆ ಔರಾದದಲ್ಲಿಯೂ ಸ್ಕ್ರಿಪ್ಟು ನಿಂತುಬಿಡುತ್ತದೆ. ಔರಾದದ ಪಟ್ಟಿಯನ್ನು ಭಾಲ್ಕಿಯ ಗಣಕಕ್ಕೆ ಕೊಟ್ಟರೆ ಅಲ್ಲಿಯೂ ಅದು ನಿಲ್ಲದೆ, ಊರಿನ ಹೆಸರನ್ನು ಮಾತ್ರ ಕೆಡಿಸಿ ತೋರಿಸುತ್ತದೆ. ಈ ಮೂರು ಪ್ರಯೋಗಗಳು ಎಷ್ಟು ಹೇಳುತ್ತವೆ! ಔರಾದ ಭಾಲ್ಕಿಗಳ ಯಂತ್ರಗಳು ಒಂದೇ ರೀತಿ ವರ್ತಿಸುತ್ತವೆ. ಬೀದರದ್ದು ಮಾತ್ರ ಬೇರೆ. ಎರಡು ಬೇರೆ ಬೇರೆ ರೋಗಗಳೆಂದು ತೋರಿದ್ದು ಒಂದೇ ರೋಗದ ಎರಡು ಲಕ್ಷಣಗಳಿರಬಹುದು. ಆ ಲಕ್ಷಣಗಳ ಭೇದ ಯಂತ್ರದಿಂದ ಬಂದದ್ದಲ್ಲ, ಪಟ್ಟಿಯಲ್ಲಿರುವ ಯಾವುದೋ ಒಂದು ಸಣ್ಣ ವ್ಯತ್ಯಾಸದಿಂದ ಬಂದದ್ದು.

ಎರಡನೆಯ ಕೆಲಸ ಕಿರಿದುಮಾಡುವುದು. ಭಾಲ್ಕಿಯ ಪಟ್ಟಿಯಲ್ಲಿ ನೂರಾರು ಸಾಲುಗಳಿದ್ದರೆ ಅವುಗಳಲ್ಲಿ ಅರ್ಧ ತೆಗೆದು ನೋಡಬೇಕು. ಆಗಲೂ ನಿಂತರೆ ಉಳಿದುದರಲ್ಲಿ ಅರ್ಧ. ಹೀಗೆ ಅರ್ಧರ್ಧವಾಗಿ ತೆಗೆಯುತ್ತ ಹೋದರೆ 1,000 ಸಾಲುಗಳ ಪಟ್ಟಿ ಹತ್ತು ಪ್ರಯತ್ನಗಳಲ್ಲಿ ಒಂದು ಸಾಲಿಗೆ ಇಳಿಯುತ್ತದೆ. ಆ ಒಂದು ಸಾಲಿನಲ್ಲಿಯೂ ಅಂಕಿಗಳನ್ನು ಅಳಿಸಿ ‘ಭಾಲ್ಕಿ’ ಎಂಬ ಹೆಸರೊಂದನ್ನೇ ಉಳಿಸಿದರೂ ಸ್ಕ್ರಿಪ್ಟು ನಿಲ್ಲುತ್ತದೆ. ಇನ್ನು ಹೆಸರಿನೊಳಕ್ಕೇ ಇಳಿಯಬೇಕು. ಒತ್ತಕ್ಷರವನ್ನು ಬಿಡಿಸಿ, ಬೇಕೆಂದೇ ತಪ್ಪಾಗಿ ‘ಭಾಲಕಿ’ ಎಂದು ಬರೆದರೆ ಸ್ಕ್ರಿಪ್ಟು ಓಡಿಬಿಡುತ್ತದೆ! ಹೆಸರು ವಿಕಾರವಾಗಿ ಕಾಣುತ್ತದೆ ನಿಜ, ಆದರೆ ನಿಲ್ಲುವುದಿಲ್ಲ. ಒತ್ತು ಸೇರಿದೊಡನೆ ಮತ್ತೆ ನಿಲ್ಲುತ್ತದೆ. ‘ಔರಾದ’ ಎಂಬುದರಲ್ಲಿ ಒತ್ತಕ್ಷರವಿಲ್ಲ. ಆದುದರಿಂದಲೇ ಅಲ್ಲಿ ಕೆಟ್ಟ ಅಕ್ಷರಗಳಾದರೂ ಕಾಣಿಸಿದವು.

ಒತ್ತಕ್ಷರವನ್ನು ಕಂಡರೆ ಗಣಕಕ್ಕೇಕೆ ಈ ಪರಿಯ ಹಗೆ? ಉತ್ತರ ತಿಳಿಯಬೇಕಾದರೆ ಅಕ್ಷರಗಳು ಯಂತ್ರದೊಳಗೆ ಹೇಗಿರುತ್ತವೆ ಎಂಬುದನ್ನು ನೋಡಬೇಕು. ಗಣಕಕ್ಕೆ ಅಕ್ಷರವೆಂಬುದೇ ಗೊತ್ತಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಕಡತದಲ್ಲಿರುವುದು 0ಯಿಂದ 255ರವರೆಗಿನ ಸಂಖ್ಯೆಗಳ ಸಾಲು. ಅಂತಹ ಒಂದೊಂದು ಸಂಖ್ಯೆಯ ಮನೆಗೂ ಬೈಟು ಎಂದು ಹೆಸರು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದದ ಕೋಷ್ಟಕವೊಂದು ಬೇರೆಯಾಗಿರುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಕೋಷ್ಟಕವು ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೂ ಸ್ಥಾನ ಕೊಟ್ಟಿತು. ಅದನ್ನು ಕಡತದಲ್ಲಿ ಬರೆದಿಡುವ ಕ್ರಮಗಳಲ್ಲಿ ಬಹಳ ಬಳಕೆಯಲ್ಲಿರುವುದು ಯುಟಿಎಫ್-8. ಈ ಕ್ರಮದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಉರ್ದುವಿನ ಅಕ್ಷರಕ್ಕೆ ಎರಡು. ಕನ್ನಡದ ಮತ್ತು ಮರಾಠಿಯ ದೇವನಾಗರಿಯ ಅಕ್ಷರಗಳಿಗೆ ಮೂರು ಮೂರು. ‘ಔ’ ಎಂಬುದು 224, 178, 148 ಎಂದು ಸಂಗ್ರಹವಾಗುತ್ತದೆ. ಗುಣಿತದ ಚಿಹ್ನೆಗೆ ಬೇರೆ ಮೂರು ಬೈಟು. ಒತ್ತಕ್ಷರ ಮೂಡಬೇಕಾದರೆ ಎರಡು ವ್ಯಂಜನಗಳ ನಡುವೆ ಸ್ವರವನ್ನು ಅಳಿಸುವ ಹಲಂತದ ಚಿಹ್ನೆ ನಿಲ್ಲಬೇಕು, ಅದಕ್ಕೂ ಮೂರು. ಹೀಗಾಗಿ ‘ಔರಾದ’ ಎಂಬುದು 12 ಬೈಟುಗಳ ಸಾಲು, ‘ಭಾಲ್ಕಿ’ ಎಂಬುದು 18 ಬೈಟುಗಳ ಸಾಲು.

ಬೀದರದ ಗಣಕ ಲಿನಕ್ಸ್ ವ್ಯವಸ್ಥೆಯದು. ಕಡತ ಯಾವ ಕೋಷ್ಟಕದಲ್ಲಿದೆಯೆಂದು ಸ್ಕ್ರಿಪ್ಟು ಹೇಳದಿದ್ದರೆ ಅದು ಯುಟಿಎಫ್-8 ಎಂದೇ ತಿಳಿಯುತ್ತದೆ. ಔರಾದ ಭಾಲ್ಕಿಗಳ ಗಣಕಗಳು ವಿಂಡೋಸ್ ವ್ಯವಸ್ಥೆಯವು. ಅಲ್ಲಿ ಪೈಥಾನಿನ ಬಹುತೇಕ ಆವೃತ್ತಿಗಳು, ಬೇರೆ ಮಾತು ಬಾರದಿದ್ದರೆ, ಯಂತ್ರದ ಹಳೆಯ ಕೋಷ್ಟಕವನ್ನೇ ಹಿಡಿಯುತ್ತವೆ. ಇಂಗ್ಲಿಷಿನ ಏರ್ಪಾಡಿರುವ ಯಂತ್ರದಲ್ಲಿ ಆ ಕೋಷ್ಟಕದ ಸಂಖ್ಯೆ 1252. ಅದು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರಚಿತವಾದುದು. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಕನ್ನಡದ ಮೂರು ಬೈಟುಗಳ ಕಟ್ಟನ್ನು ಅದು ಮೂರು ಬಿಡಿ ಅಕ್ಷರಗಳೆಂದು ಓದುತ್ತದೆ. 224 ಎಂದರೆ ಅದರ ಪ್ರಕಾರ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. 178 ಎಂದರೆ ಸಾಲಿನ ಮೇಲ್ಭಾಗದಲ್ಲಿ ಬರೆದ ಪುಟ್ಟ ಎರಡು. 148 ಎಂದರೆ ಉದ್ಧರಣ ಚಿಹ್ನೆ. ‘ಔ’ ಎಂಬುದು ಈ ಮೂರಾಗಿ ಒಡೆಯುತ್ತದೆ. ‘ರಾ’ದಲ್ಲಿರುವ ದೀರ್ಘದ ಕೊನೆಯ ಬೈಟು ಮುಕ್ಕಾಲು ಭಿನ್ನರಾಶಿಯ ಚಿಹ್ನೆಯಾಗಿ ಕಾಣಿಸಿಕೊಳ್ಳುತ್ತದೆ. ಬೀದರದ ಪಟ್ಟಿಯನ್ನು ಅದೇ ಯಂತ್ರದಲ್ಲಿ ಓದಿಸಿದರೆ ‘ಬೀ’ಯ ದೀರ್ಘದಲ್ಲಿ ಯುರೋಪಿನ ನಾಣ್ಯವಾದ ಯೂರೋದ ಗುರುತು ಬಂದು ಕೂರುತ್ತದೆ. ಬಹಮನಿ ಸುಲ್ತಾನರ ರಾಜಧಾನಿಯ ಹೆಸರಿನ ನಡುವೆ ಯೂರೋ ನಾಣ್ಯವನ್ನು ಕಂಡರೆ ಯಾರಿಗೆ ತಾನೇ ನಗೆ ಬಾರದು?

1252ರ ಕೋಷ್ಟಕದಲ್ಲಿ ಐದು ಮನೆಗಳು ಖಾಲಿಯಿವೆ. ಯಾವ ಅಕ್ಷರವನ್ನೂ ಅಲ್ಲಿ ಕೂರಿಸಿಲ್ಲ. 129, 141, 143, 144, 157 ಎಂಬವು ಆ ಮನೆಗಳು. ಕನ್ನಡದ ಹಲಂತದ ಬೈಟುಗಳು 224, 179, 141. ಕೊನೆಯದು ಖಾಲಿ ಮನೆ! ತಪ್ಪಾದ ಅಕ್ಷರವನ್ನಾದರೂ ಯಂತ್ರ ತೋರಿಸೀತು. ಇಲ್ಲದ ಅಕ್ಷರವನ್ನು ಹೇಗೆ ತೋರಿಸೀತು? ‘141ನೆಯ ಬೈಟನ್ನು ಓದಲಾರೆ’ ಎಂದು ಅದು ಕೈಚೆಲ್ಲಿ ನಿಂತುಬಿಡುತ್ತದೆ. ಭಾಲ್ಕಿಯಲ್ಲಿ ಇಂಗ್ಲಿಷಿನಲ್ಲಿ ಕಾಣಿಸಿದ ಮಾತು ಇದೇ ಆಗಿತ್ತು. ಅದನ್ನು ‘ಏನೋ ತಪ್ಪು ಬಂತು’ ಎಂದು ಸಾರಾಂಶವಾಗಿ ತಿಳಿಸದೆ, ಇದ್ದ ಹಾಗೆಯೇ ಅಕ್ಷರ ಬಿಡದೆ ನಕಲು ಮಾಡಿ ಕಳುಹಿಸಿದ್ದರೆ ಅರ್ಧ ದಾರಿ ಅಲ್ಲಿಯೇ ಸವೆಯುತ್ತಿತ್ತು. ಗಣಕ ತೋರಿಸುವ ದೋಷಸೂಚನೆಯು ಬೈಗಳಲ್ಲ, ಸಾಕ್ಷ್ಯ. ಅದರ ಕೊನೆಯ ಸಾಲಿನಲ್ಲಿ ಕಾರಣವೂ, ಅದರ ಹಿಂದಿನ ಸಾಲುಗಳಲ್ಲಿ ಸ್ಕ್ರಿಪ್ಟಿನ ಯಾವ ಸಾಲಿನಲ್ಲಿ ತೊಡಕಾಯಿತೆಂಬುದೂ ಸಾಮಾನ್ಯವಾಗಿ ಇರುತ್ತವೆ.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಆ ನಗರದ ಹೆಸರನ್ನು ಕೆಲವರು ‘ಬೀದರ’ ಎಂದೂ ಕೆಲವರು ‘ಬೀದರ್’ ಎಂದೂ ಬರೆಯುತ್ತಾರೆ. ಎರಡೂ ರೂಢಿಯಲ್ಲಿವೆ. ಮೊದಲನೆಯ ಬಗೆಯಲ್ಲಿ ಬರೆದವರ ಪಟ್ಟಿ ಔರಾದದ ಗಣಕದಲ್ಲಿ ವಿಕಾರವಾಗಿ ಓಡುತ್ತದೆ. ಎರಡನೆಯ ಬಗೆಯಲ್ಲಿ ಬರೆದವರದು ಹಲಂತದ ದೆಸೆಯಿಂದ ನಿಂತುಬಿಡುತ್ತದೆ. ಒಂದೇ ಯಂತ್ರ, ಒಂದೇ ಸ್ಕ್ರಿಪ್ಟು, ಒಂದೇ ಊರು. ಕಾರಣ ತಿಳಿಯದವರು ಇದನ್ನು ಯಂತ್ರದ ಹುಚ್ಚಾಟವೆಂದೇ ಹೇಳಿಯಾರು.

ಪರಿಹಾರ ಅತಿ ಸರಳ. ಕಡತವನ್ನು ತೆರೆಯುವ ಆದೇಶದಲ್ಲಿ ‘ಇದು ಯುಟಿಎಫ್-8’ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ಮೂರೂ ಊರುಗಳಲ್ಲಿ ಮೂರೂ ಹೆಸರುಗಳು ಸರಿಯಾಗಿ ಮೂಡುತ್ತವೆ. ಆದರೆ ಅವಸರದಲ್ಲಿದ್ದವರು ಹಿಡಿಯುವ ದಾರಿ ಬೇರೆ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಸ್ಕ್ರಿಪ್ಟು ಎಲ್ಲ ಕಡೆಯೂ ಓಡುತ್ತದೆ ಎಂದು ಯಾರೋ ಕಂಡುಕೊಳ್ಳುತ್ತಾರೆ. ರೋಮನ್ ಅಕ್ಷರಗಳ ಸಂಖ್ಯೆಗಳು ಎರಡು ಕೋಷ್ಟಕಗಳಲ್ಲಿಯೂ ಒಂದೇ ಆಗಿರುವುದರಿಂದ ಅದು ಓಡುವುದು ಸಹಜವೇ. ಅಲ್ಲಿಗೆ ‘ಕನ್ನಡ ಗಣಕಕ್ಕೆ ಒಗ್ಗುವುದಿಲ್ಲ’ ಎಂಬ ತೀರ್ಮಾನ ಹುಟ್ಟಿ, ಪಟ್ಟಿಗಳಿಂದ ಕನ್ನಡ ಹೊರನಡೆಯುತ್ತದೆ. ಒಂದು ಮಾತನ್ನು ಬರೆಯದೆ ಬಿಟ್ಟ ತಪ್ಪಿಗೆ ಒಂದು ಭಾಷೆ ದಂಡ ತೆರುತ್ತದೆ.

ಬೀದರ ಸೀಮೆಗೆ ಈ ದಂಡ ಹೊಸದಲ್ಲ. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡ ಕಲಿಕೆಗೆ ಆಗ ಅನುಕೂಲವಾದ ಕಾಲವಲ್ಲ. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು ಎಂಬುದು ಆ ಭಾಗದ ಮನೆಮಾತು. ಹೊರಗಿನ ಗುರುತು ಒಂದು, ಒಳಗಿನ ವಸ್ತು ಇನ್ನೊಂದು. ಗಣಕದಲ್ಲಿ ಕನ್ನಡ ಕಾಲಿರಿಸಿದ ಮೊದಲ ವರ್ಷಗಳಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 1998ರಲ್ಲಿ ಹೊರಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಹೋಪಕಾರ ಮಾಡಿದವು. ಯಂತ್ರಗಳು ಕನ್ನಡವನ್ನು ಅರಿಯದಿದ್ದ ಆ ದಿನಗಳಲ್ಲಿ ಅವು ರೋಮನ್ ಮುಂತಾದ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಚಿತ್ರಿಸಿದ ಅಕ್ಷರಶೈಲಿಗಳನ್ನು ಬಳಸಿದವು. ಹೊರಗೆ ಕಾಣುವುದು ಕನ್ನಡ, ಒಳಗಿರುವುದು ಪರಭಾಷೆಯ ಸಂಖ್ಯೆ. ಆ ಅಕ್ಷರಶೈಲಿ ಇಲ್ಲದ ಬೇರೊಂದು ಗಣಕಕ್ಕೆ ಕಡತ ಹೋದೊಡನೆ ಹೊರಗಿನ ಮುಖ ಕಳಚಿಬಿದ್ದು ಒಳಗಿನ ರೋಮನ್ ಕಲಸುಮೇಲೋಗರ ಬಯಲಾಗುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿ ದೊರೆತು, ಮುಂದೆ ಆ ತಂತ್ರಾಂಶಗಳೂ ಯೂನಿಕೋಡಿಗೆ ಹೊಂದಿಕೊಂಡ ಮೇಲೆ ಒಳಗೂ ಹೊರಗೂ ಕನ್ನಡವೇ ಆಗುವ ದಾರಿ ತೆರೆಯಿತು. ಹಳೆಯ ಕ್ರಮದ ಕಡತಗಳು ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿವೆ. ಸ್ಕ್ರಿಪ್ಟು ಅಂತಹ ಕಡತದಲ್ಲಿ ‘ಭಾಲ್ಕಿ’ಯನ್ನು ಹುಡುಕಿದರೆ ಅದು ಸಿಗುವುದಿಲ್ಲ, ಕಣ್ಣಿಗೆ ಕಂಡರೂ ಯಂತ್ರಕ್ಕೆ ಅಲ್ಲಿ ಭಾಲ್ಕಿಯಿಲ್ಲ. ಇಂಗ್ಲಿಷಿನಲ್ಲಿ ಲಿಪಿಗೂ ಆದೇಶಪಟ್ಟಿಗೂ ‘ಸ್ಕ್ರಿಪ್ಟ್’ ಎಂಬ ಒಂದೇ ಹೆಸರಿರುವುದು ಕನ್ನಡಿಗರ ಮಟ್ಟಿಗೆ ಎಷ್ಟು ಸಾರ್ಥಕ! ಇಲ್ಲಿ ಒಂದರ ತೊಡಕು ಇನ್ನೊಂದರ ತೊಡಕಾಗಿಯೇ ಬರುತ್ತದೆ.

ಅಕ್ಷರಗಳು ಕೆಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಸ್ಕ್ರಿಪ್ಟು ನಿಂತರೆ ಎಲ್ಲರಿಗೂ ತಿಳಿಯುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದೇ ಹೆಚ್ಚು ಅಪಾಯದ್ದು. ದಿನಾಂಕ ಅದಕ್ಕೆ ನಿದರ್ಶನ. ಭಾರತದಲ್ಲಿ 06-05-2015 ಎಂದರೆ ಮೇ ತಿಂಗಳ 6. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು. ಅದೇ ಬರಹ ಅಲ್ಲಿ ಜೂನ್ 5 ಆಗುತ್ತದೆ. ಅಮೆರಿಕದ ಏರ್ಪಾಡಿರುವ ಗಣಕದಲ್ಲಿ ಎಕ್ಸೆಲ್ ಮೂಲಕ ಪಟ್ಟಿಯನ್ನು ತೆರೆದರೆ ಅದು ಯಾರನ್ನೂ ಕೇಳದೆ ಜೂನ್ 5 ಎಂದು ತಿಳಿದುಕೊಳ್ಳುತ್ತದೆ. 15-06-2015 ಎಂಬುದನ್ನು ಮಾತ್ರ ದಿನಾಂಕವೆಂದೇ ಒಪ್ಪದೆ ಬರಿಯ ಬರಹವಾಗಿ ಬಿಡುತ್ತದೆ, ಏಕೆಂದರೆ ಹದಿನೈದನೆಯ ತಿಂಗಳೆಂಬುದಿಲ್ಲ. ಪಟ್ಟಿಯ ಕೆಲವು ಸಾಲುಗಳು ಸರಿಯಾಗಿರುವಂತೆ ತೋರುವುದರಿಂದ ಉಳಿದವುಗಳ ಮೇಲೆ ಸಂಶಯವೇ ಹುಟ್ಟದು. ವರ್ಷದ 365 ದಿನಗಳಲ್ಲಿ 144 ದಿನಗಳನ್ನು ಎರಡೂ ಬಗೆಯಾಗಿ ಓದಬಹುದು. ದಿನವೂ ತಿಂಗಳೂ ಒಂದೇ ಸಂಖ್ಯೆಯಾಗಿರುವ 12 ದಿನಗಳಿಗೆ ಇದರಿಂದ ಬಾಧೆಯಿಲ್ಲ. ಉಳಿದ 132 ದಿನಗಳಲ್ಲಿ ಹುಟ್ಟಿದವರ ಜನ್ಮದಿನ ಗೊತ್ತಿಲ್ಲದಂತೆಯೇ ಬದಲಾಗುತ್ತದೆ. ಜೂನ್ 1ಕ್ಕೆ ಇಷ್ಟು ವರ್ಷ ತುಂಬಿರಬೇಕು ಎಂಬ ನಿಯಮವಿದ್ದಲ್ಲಿ, ಮೇ 6ರಂದು ಹುಟ್ಟಿದ ಔರಾದದ ಹುಡುಗಿಯೊಬ್ಬಳು ಜೂನ್ 5ರಂದು ಹುಟ್ಟಿದವಳೆಂದು ಎಣಿಕೆಯಾಗಿ ಪಟ್ಟಿಯಿಂದ ಬಿದ್ದುಹೋಗುತ್ತಾಳೆ. ಅವಳ ತಂದೆತಾಯಿಗಳಿಗೆ ದೊರೆಯುವ ಉತ್ತರ ‘ವಯಸ್ಸು ಸಾಲದು’ ಎಂಬುದಷ್ಟೇ. ಯಾವ ಯಂತ್ರ ಯಾವ ಏರ್ಪಾಡಿನಲ್ಲಿತ್ತೆಂದು ಅವರು ಯಾರನ್ನು ಕೇಳಬೇಕು? ವರ್ಷ ಮೊದಲು, ತಿಂಗಳು ಅನಂತರ, ದಿನ ಕೊನೆಗೆ—2015-05-06 ಎಂದು—ಬರೆಯುವ ಅಂತರರಾಷ್ಟ್ರೀಯ ಮಾನಕವೊಂದು 1988ರಿಂದ ಇದೆ. ಅದನ್ನು ಎರಡು ಬಗೆಯಾಗಿ ಓದುವ ರೂಢಿಯಿಲ್ಲ.

ಭಾಗಾಕಾರವೂ ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದೆಂದರೆ ಅಚ್ಚರಿಯೆನಿಸೀತು. ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ; ದಶಮಾಂಶ ಭಾಗ ಬಿಟ್ಟುಹೋಗುತ್ತಿತ್ತು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದು ಉಳಿಯುತ್ತದೆ. ಆರು ವಿಷಯಗಳಲ್ಲಿ ಒಟ್ಟು 363 ಅಂಕ ಪಡೆದವನ ಸರಾಸರಿ ಹೊಸದರಲ್ಲಿ 60.5, ಹಳೆಯದರಲ್ಲಿ 60. ಅರವತ್ತಕ್ಕಿಂತ ಹೆಚ್ಚು ಪಡೆದವರಿಗೆ ವೇತನ ಎಂದಿದ್ದರೆ, ಅವನು ಒಂದು ಊರಿನಲ್ಲಿ ಅರ್ಹ, ಇನ್ನೊಂದು ಊರಿನಲ್ಲಿ ಅನರ್ಹ. ಎರಡನೆಯ ಆವೃತ್ತಿಯ ಪೋಷಣೆ 2020ರ ಜನವರಿ 1ಕ್ಕೆ ಮುಗಿಯಿತು. ಆದರೂ ಬಹುಕಾಲದಿಂದ ಯಾರೂ ಮುಟ್ಟದ ಯಂತ್ರಗಳಲ್ಲಿ ಅದು ಇದ್ದೇ ಇರಬಹುದು. ಆವೃತ್ತಿ ಯಾವುದೆಂದು ಕೇಳುವುದು ಒಂದೇ ಆದೇಶದ ಕೆಲಸ, ಕೇಳುವವರು ವಿರಳ.

ಉಳಿದ ಕಾರಣಗಳು ಹಲವು, ಆದರೆ ಬೇಗ ಹೇಳಿ ಮುಗಿಸಬಹುದಾದವು. ಬೀದರದ ಯಂತ್ರದಲ್ಲಿರುವ ಯಾವುದೋ ಸಹಾಯಕ ತಂತ್ರಾಂಶ ಔರಾದದಲ್ಲಿ ಇಲ್ಲದಿರಬಹುದು. ಪಟ್ಟಿ ಇರುವ ಕಡತಕೋಶದ ಪೂರ್ತಿ ವಿಳಾಸವನ್ನು ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ, ಬೇರೆ ಯಂತ್ರದಲ್ಲಿ ಆ ವಿಳಾಸವೇ ಇರುವುದಿಲ್ಲ. ರೋಮನ್ ಲಿಪಿಯ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಭೇದವನ್ನು ಕಡತದ ಹೆಸರುಗಳಲ್ಲಿ ಲಿನಕ್ಸ್ ಎಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಸಾಲು ಮುಗಿಯಿತೆಂದು ಸೂಚಿಸುವ ಗುರುತಿನಲ್ಲಿಯೂ ಭೇದವುಂಟು. ಬೆರಳಚ್ಚು ಯಂತ್ರದಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು: ಕಾಗದದ ಉರುಳೆಯಿದ್ದ ಗಾಡಿಯನ್ನು ಮೊದಲ ಸ್ಥಾನಕ್ಕೆ ಸರಿಸುವುದು, ಕಾಗದವನ್ನು ಒಂದು ಸಾಲು ಮೇಲಕ್ಕೆ ಉರುಳಿಸುವುದು. ತಂತಿಮುದ್ರಣ ಯಂತ್ರಗಳ ಮೂಲಕ ಆ ಎರಡು ಗುರುತುಗಳೂ ಗಣಕಕ್ಕೆ ಬಂದವು. ವಿಂಡೋಸ್ ಎರಡನ್ನೂ ಉಳಿಸಿಕೊಂಡಿದೆ. ಲಿನಕ್ಸಿಗೆ ಒಂದೇ ಸಾಕು. ವಿಂಡೋಸಿನಿಂದ ಬಂದ ಕಡತವನ್ನು ಲಿನಕ್ಸಿನಲ್ಲಿ ಓದುವಾಗ ಹೆಚ್ಚಿನ ಗುರುತು ಕಣ್ಣಿಗೆ ಕಾಣದೆ ಪ್ರತಿ ಸಾಲಿನ ತುದಿಗೂ ಅಂಟಿಕೊಂಡು, ಒಂದೇ ಎಂದು ತೋರುವ ಎರಡು ಪದಗಳನ್ನು ಬೇರೆ ಬೇರೆ ಮಾಡಬಲ್ಲುದು. ಕಾರಣವಿಲ್ಲದೆ ಹುಟ್ಟಿದ ಭೇದ ಇವುಗಳಲ್ಲಿ ಒಂದೂ ಇಲ್ಲ.

ತಾಲೂಕಿನ ಪಟ್ಟಿಗಿಂತ ಎಷ್ಟೋ ದೊಡ್ಡ ಕೆಲಸಗಳಲ್ಲಿಯೂ ಇದೇ ತೊಡಕು ಬಂದುದುಂಟು. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದ ಕೂರೂ ಕೇಂದ್ರದಿಂದ ಯುರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ಮೇಲೆದ್ದಿತು. 40 ಸೆಕೆಂಡು ತುಂಬುವಷ್ಟರಲ್ಲಿ ದಾರಿ ತಪ್ಪಿ ಒಡೆದು ನಾಶವಾಯಿತು. ಅದರ ಚಲನೆಯನ್ನು ಅಳೆಯುವ ಗಣಕದಲ್ಲಿದ್ದ ಆದೇಶಗಳು ಹಿಂದಿನ ಏರಿಯಾನ್-4ರಿಂದ ತಂದವು. ಅಲ್ಲಿ ಅವು ಒಮ್ಮೆಯೂ ತಪ್ಪಿರಲಿಲ್ಲ. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 32,767ನ್ನು ಮೀರದು ಎಂಬ ಭಾವನೆ ಆ ಆದೇಶಗಳಲ್ಲಿ ಅಡಗಿತ್ತು. ಹಳೆಯ ರಾಕೆಟ್ಟಿನಲ್ಲಿ ಅದು ಮೀರುತ್ತಲೂ ಇರಲಿಲ್ಲ. ಹೊಸ ರಾಕೆಟ್ಟಿನ ಪಥವೇ ಬೇರೆ, ವೇಗ ಹೆಚ್ಚು. ಸಂಖ್ಯೆ ಮಿತಿಯನ್ನು ದಾಟಿತು, ಗಣಕ ನಿಂತಿತು. ಮೀಸಲಾಗಿ ಇರಿಸಿದ್ದ ಇನ್ನೊಂದು ಗಣಕ ನೆರವಿಗೆ ಬರಬೇಕಾಗಿತ್ತು. ಅದರಲ್ಲಿಯೂ ಅವೇ ಆದೇಶಗಳಿದ್ದುದರಿಂದ ಅದೂ ಅದೇ ಕಾರಣಕ್ಕೆ ಆಗಲೇ ನಿಂತುಹೋಗಿತ್ತು. ಇದರಲ್ಲಿ ಅತ್ಯಂತ ಖೇದಕರವಾದ ಸಂಗತಿಯೆಂದರೆ, ಲೆಕ್ಕದ ಆ ಭಾಗವು ಏರಿಯಾನ್-5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ.

ಸ್ಕ್ರಿಪ್ಟನ್ನು ಬೇರೆ ಊರಿಗೆ ಕಳುಹಿಸುವವರು ಆದೇಶಗಳ ಮೇಲ್ಭಾಗದಲ್ಲಿ ನಾಲ್ಕು ಸಾಲುಗಳ ಟಿಪ್ಪಣಿ ಬರೆಯುವುದು ಉತ್ತಮ ಪದ್ಧತಿ. ಯಂತ್ರ ಆ ಸಾಲುಗಳನ್ನು ಲೆಕ್ಕಿಸದಂತೆ ಗುರುತು ಮಾಡುವ ಅನುಕೂಲ ಬಹುತೇಕ ಎಲ್ಲ ಗಣಕಭಾಷೆಗಳಲ್ಲಿಯೂ ಇದೆ. ಅವುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಬೀದರದ ಆ ಅಧ್ಯಾಪಕಿಯವರು ಬರೆಯುವುದಾದರೆ ಅದು ಹೀಗಿದ್ದೀತು: ಪೈಥಾನ್ ಮೂರನೆಯ ಆವೃತ್ತಿ ಬೇಕು. ಪಟ್ಟಿ ಯುಟಿಎಫ್-8 ಕ್ರಮದಲ್ಲಿದ್ದು, ಸ್ಕ್ರಿಪ್ಟು ಇರುವ ಕಡತಕೋಶದಲ್ಲಿಯೇ ಇರಬೇಕು. ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. ಬೀದರದ ಲಿನಕ್ಸ್ ಗಣಕದಲ್ಲಿಯೂ ಔರಾದ, ಭಾಲ್ಕಿಗಳ ವಿಂಡೋಸ್ ಗಣಕಗಳಲ್ಲಿಯೂ ಒತ್ತಕ್ಷರವಿರುವ ಹೆಸರುಗಳನ್ನು ಕೊಟ್ಟು ಪರೀಕ್ಷಿಸಿದೆ.